ನೆರೆ ಬಂದಾಗ ಬಾಣಂತಿಗೊಂದು ಕೋಣೆ

ಕನ್ನಡದ ‘ನೆರೆ’ ಎಂಬ ಶಬ್ದಕ್ಕೆ ನಿಘಂಟುಗಳಲ್ಲಿ ಹಲವು ಅರ್ಥಗಳಿವೆ. ಹೊಳೆಯ ನೀರು ತುಂಬಿ ದಡ ಮೀರಿದರೆ ಅದು ನೆರೆ. ನಮ್ಮ ಮನೆಯ ಪಕ್ಕದ ಮನೆ ನೆರೆ. ಜನರು ಒಂದೆಡೆ ಕೂಡಿದರೆ ನೆರೆದರು ಎನ್ನುತ್ತೇವೆ. ಹುಡುಗಿ ಪ್ರಾಯಕ್ಕೆ ಬಂದರೆ ಮೈನೆರೆದಳು ಎನ್ನುತ್ತೇವೆ. ತುಂಬುವುದು, ಕೂಡುವುದು ಎಂಬ ಭಾವ ಇವುಗಳಲ್ಲೆಲ್ಲ ಹರಿದಿದೆ. ಹೊಳೆ ನೆರೆಯಾದ ದಿನ ನೆರೆಹೊರೆಯವರು ನೆರೆಯಬೇಕಾಗುತ್ತದೆ ಎಂಬುದನ್ನು ನಮ್ಮ ಭಾಷೆ ಒಂದೇ ಶಬ್ದದಲ್ಲಿ ಹೇಳಿಬಿಟ್ಟಿದೆ. ಹಾಗೆ ನೆರೆದ ನೆರವಿಯಲ್ಲಿ ದಿನ ತುಂಬಿದ ಬಸುರಿಗೂ ಹಸಿ ಬಾಣಂತಿಗೂ ಆಕೆಯ ಕೂಸಿಗೂ ಸ್ಥಳವೆಲ್ಲಿ ಎಂಬುದೇ ಈ ಲೇಖನದ ವಿಚಾರ.

ಸ್ಮರಣಸಂಚಿಕೆಗೆ ಛಂದಸ್ಸನ್ನೋ ಹಳಗನ್ನಡ ಕಾವ್ಯವನ್ನೋ ಕುರಿತು ಬರೆಯಬೇಕಾದ ಕನ್ನಡ ಪಂಡಿತನು ಹೆರಿಗೆ-ಬಾಣಂತನದ ಮಾತನ್ನೇಕೆ ಎತ್ತಿಕೊಂಡನು ಎಂದು ವಾಚಕ ಮಹಾಶಯರಿಗೆ ಅನ್ನಿಸಬಹುದು. ನಾನು ವೈದ್ಯನಲ್ಲ. ಆದರೆ ನೆರೆ ಬಂದ ಊರಿನಲ್ಲಿ ಸರ್ಕಾರವು ಮೊದಲು ತೆರೆಯಿಸುವ ಬಾಗಿಲು ಶಾಲೆಯದು. ಮೊದಲು ಕೆಲಸಕ್ಕೆ ಕರೆಯುವುದು ಉಪಾಧ್ಯಾಯರನ್ನು. ಮೊದಲು ಬಂದಿಳಿಯುವ ಅಕ್ಕಿ, ಬೇಳೆ, ಬಟ್ಟೆ, ಕಂಬಳಿಗಳು ದಾನಿಗಳವು. ಅವನ್ನು ಹೊತ್ತು ತರುವವರು ಊರಿನ ಹಳೆಯ ವಿದ್ಯಾರ್ಥಿಗಳು. ಈ ಸಂಚಿಕೆಯನ್ನು ಓದುವವರು ಇವರೇ ಆದುದರಿಂದ, ಈ ಮಾತನ್ನು ಆಡಲು ಇದಕ್ಕಿಂತ ತಕ್ಕ ಸ್ಥಳ ನನಗೆ ಕಾಣಲಿಲ್ಲ.

ನಮ್ಮ ಜಿಲ್ಲೆಗೆ ಎರಡು ಬಗೆಯ ಆಪತ್ತುಗಳು ಪರಿಚಿತವಾಗಿವೆ. ಕೂಡ್ಲಿಯಲ್ಲಿ ಒಂದಾದ ತುಂಗೆ ಮತ್ತು ಭದ್ರೆ ಹೊನ್ನಾಳಿಯನ್ನು ಹಾದು ಹರಿಹರಕ್ಕೆ ಬರುತ್ತವೆ. ಮಲೆನಾಡಿನಲ್ಲಿ ಮಳೆ ಹಿಡಿದರೆ ಹೊನ್ನಾಳಿಯ ಬಾಲರಾಜ ಘಾಟ್‌ಗೆ, ಹರಿಹರದ ಗಂಗಾನಗರಕ್ಕೆ ನೀರು ನುಗ್ಗುವುದೂ, ಉಕ್ಕಡಗಾತ್ರಿಗೆ ಹೋಗುವ ಸೇತುವೆ ಮುಳುಗುವುದೂ ಇಲ್ಲಿಯವರಿಗೆ ಹೊಸದಲ್ಲ. ೨೦೦೯ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ವಾರದಲ್ಲಿ ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ನೆರೆಗೆ ಬಲಿಯಾದರು. ೨೦೧೯ರ ಆಗಸ್ಟ್‌ನಲ್ಲಿ ರಾಜ್ಯದ ೨೨ ಜಿಲ್ಲೆಗಳು ನೆರೆಗೆ ಸಿಕ್ಕಿ ಏಳು ಲಕ್ಷದಷ್ಟು ಜನ ಮನೆ ಬಿಟ್ಟರು. ಇನ್ನು ಮಾಯಕೊಂಡದ ಸೀಮೆಗೆ ಹೊಳೆಯ ಭಯವಿಲ್ಲ. ನಮ್ಮದು ಮೋಡ ನೋಡಿ ಬಿತ್ತುವ ನೆಲ. ನಮ್ಮ ಆಪತ್ತು ಬರ. ಅದು ರಾತ್ರಿ ಬೆಳಗಾಗುವುದರೊಳಗೆ ಬರುವುದಿಲ್ಲ; ಬಂದುದು ತಿಳಿಯುವಷ್ಟರಲ್ಲಿ ಮನೆಯೊಳಗೆ ಕುಳಿತಿರುತ್ತದೆ. ೨೦೨೩ರಲ್ಲಿ ರಾಜ್ಯದ ೨೩೬ ತಾಲ್ಲೂಕುಗಳ ಪೈಕಿ ೨೨೩ನ್ನು ಬರಪೀಡಿತವೆಂದು ಸಾರಲಾಯಿತು. ನಮ್ಮ ಜಿಲ್ಲೆಯೂ ಅದರಲ್ಲಿತ್ತು.

ಹೊಳೆದಂಡೆಯ ಊರೊಂದರ ಶಾಲೆಯಲ್ಲಿ ತೆರೆದಿದ್ದ ಆಶ್ರಯಕೇಂದ್ರದ ಹಾಜರಿ ಪುಸ್ತಕವನ್ನು ನಾನೊಮ್ಮೆ ನೋಡಿದ್ದೇನೆ. ಅಂದವಾದ ಅಕ್ಷರ, ನೇರವಾದ ಗೆರೆ. ಕುಟುಂಬದ ಯಜಮಾನನ ಹೆಸರು, ಪಡಿತರ ಚೀಟಿಯ ಸಂಖ್ಯೆ, ಗಂಡಸರು, ಹೆಂಗಸರು, ಮಕ್ಕಳು, ಕೊಟ್ಟ ಕಂಬಳಿ, ಕೊಟ್ಟ ತಟ್ಟೆ—ಎಲ್ಲಕ್ಕೂ ಕಲಮು ಇತ್ತು. ಎಷ್ಟು ಜನ ಬಸುರಿಯರು, ಯಾರಿಗೆ ಎಷ್ಟು ತಿಂಗಳು, ಯಾರ ಮಡಿಲಲ್ಲಿ ಎಷ್ಟು ದಿನದ ಕೂಸಿದೆ ಎಂಬುದಕ್ಕೆ ಕಲಮು ಇರಲಿಲ್ಲ. ವರಾಂಡದ ಮೂಲೆಯಲ್ಲಿ, ಮಳೆಯ ಎರಚಲು ತಾಗುವ ಕಡೆ, ಸೀರೆಯ ಸೆರಗನ್ನೇ ಗೋಡೆ ಮಾಡಿಕೊಂಡು ಒಬ್ಬ ಬಾಣಂತಿ ಕೂಸಿಗೆ ಹಾಲೂಡಿಸುತ್ತಿದ್ದಳು. ಆಕೆ ಪುಸ್ತಕದಲ್ಲಿ ‘ಹೆಂಗಸರು’ ಎಂಬ ಕಲಮಿನ ಒಂದು ಅಂಕಿ. ಆಕೆಯ ಕೂಸು ‘ಮಕ್ಕಳು’ ಎಂಬ ಕಲಮಿನ ಒಂದು ಅಂಕಿ. ಬರೆದವರಲ್ಲಿ ದಯೆಯ ಕೊರತೆ ಇರಲಿಲ್ಲ. ಹಗಲು ರಾತ್ರಿ ದುಡಿಯುತ್ತಿದ್ದರು. ಆದರೆ ಯಾವುದಕ್ಕೆ ಪುಸ್ತಕದಲ್ಲಿ ಸ್ಥಳವಿಲ್ಲವೋ ಅದಕ್ಕೆ ಕಟ್ಟಡದಲ್ಲಿಯೂ ಸ್ಥಳ ಸಿಗುವುದಿಲ್ಲ.

ನಮ್ಮ ಪೂರ್ವಿಕರ ವೈದ್ಯಗ್ರಂಥಗಳು ಗರ್ಭಿಣಿಯನ್ನು ‘ದೌಹೃದಿನೀ’ ಎಂದು ಕರೆದವು. ಎರಡು ಹೃದಯಗಳುಳ್ಳವಳು ಎಂದು ಅದರ ಅರ್ಥ. ಬಯಕೆ ಎಂಬ ಅರ್ಥದ ‘ದೋಹದ’ ಶಬ್ದವನ್ನೂ ಪಂಡಿತರು ಅಲ್ಲಿಗೇ ಸೇರಿಸಿ ಹೇಳುತ್ತಾರೆ. ಸಂಸ್ಕೃತಕ್ಕೆ ದ್ವಿವಚನವಿದೆ, ಕನ್ನಡಕ್ಕಿಲ್ಲ ಎಂದು ಎಂಟನೆಯ ತರಗತಿಯಲ್ಲಿ ಪಾಠ ಹೇಳುತ್ತೇವೆ. ಪರಿಹಾರದ ಪುಸ್ತಕದಲ್ಲಾದರೂ ಈ ಒಬ್ಬಳಿಗೆ ದ್ವಿವಚನ ಸಲ್ಲಬೇಕು.

ಇದು ಅಪರೂಪದ ಸಂಗತಿಯಲ್ಲವೇ, ಒಂದೆರಡು ಬಸುರಿಯರಿಗಾಗಿ ಇಷ್ಟು ಏರ್ಪಾಟೇ ಎಂದು ಕೇಳುವವರಿದ್ದಾರೆ. ಲೆಕ್ಕ ಹಾಕಿ ನೋಡೋಣ. ಈಚಿನ ವರ್ಷಗಳಲ್ಲಿ ಕರ್ನಾಟಕದ ಜನನ ಪ್ರಮಾಣ ಸಾವಿರ ಜನಕ್ಕೆ ವರ್ಷಕ್ಕೆ ಹದಿನಾರು-ಹದಿನೇಳು. ಎಂದಮೇಲೆ ಸಾವಿರ ಜನ ತಂಗಿರುವ ಒಂದು ಆಶ್ರಯಕೇಂದ್ರದಲ್ಲಿ ಯಾವ ದಿನ ನೋಡಿದರೂ ಹನ್ನೆರಡು ಮಂದಿ ಬಸುರಿಯರಿರುತ್ತಾರೆ. ಆರು ತಿಂಗಳೊಳಗಿನ ಎಂಟು ಕೂಸುಗಳಿರುತ್ತವೆ. ಕೇಂದ್ರವು ಒಂದು ತಿಂಗಳು ನಡೆದರೆ ಒಂದೆರಡು ಹೆರಿಗೆಗಳಾಗುತ್ತವೆ. ನೂರು ಹೆರಿಗೆಗಳಲ್ಲಿ ಸುಮಾರು ಹದಿನೈದರಲ್ಲಿ ತೊಡಕು ಬರುತ್ತದೆಂದು ವೈದ್ಯರು ಎಣಿಸುತ್ತಾರೆ. ಆ ಹನ್ನೆರಡರಲ್ಲಿ ಇಬ್ಬರಿಗೆ ವೈದ್ಯರ ಕೈ ಬೇಕಾಗುತ್ತದೆ. ಯಾವ ಇಬ್ಬರಿಗೆ ಎಂಬುದು ಮಾತ್ರ ಮೊದಲೇ ತಿಳಿಯುವುದಿಲ್ಲ. ಹೀಗಿರುವಾಗ ಇದನ್ನು ಆಕಸ್ಮಿಕವೆನ್ನುವುದು ಸರಿಯಲ್ಲ. ಹೊಳೆ ಯಾವಾಗ ಉಕ್ಕುತ್ತದೆಯೆಂಬುದು ಆಕಸ್ಮಿಕವಾದೀತು. ಉಕ್ಕಿದಾಗ ಬಸುರಿಯರಿರುತ್ತಾರೆ ಎಂಬುದು ಗಣಿತ.

೨೦೧೪ರ ಜುಲೈ ತಿಂಗಳ ಕೊನೆಯಲ್ಲಿ ಯಾದಗಿರಿ ಜಿಲ್ಲೆಯ ಒಂದು ಸುದ್ದಿ ನಾಡನ್ನೆಲ್ಲ ಬೆರಗುಗೊಳಿಸಿತು. ಕೃಷ್ಣೆಯ ನಡುಗಡ್ಡೆಯಾದ ನೀಲಕಂಠರಾಯನಗಡ್ಡಿಯಿಂದ ದಿನ ತುಂಬಿದ ಹೆಣ್ಣುಮಗಳೊಬ್ಬಳು, ಒಣಗಿದ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ತುಂಬಿ ಹರಿಯುತ್ತಿದ್ದ ಹೊಳೆಯನ್ನು ಈಜಿ ದಾಟಿದಳು. ಕಕ್ಕೇರಾದ ಆರೋಗ್ಯಕೇಂದ್ರವನ್ನು ಸೇರಬೇಕೆಂಬುದೊಂದೇ ಆಕೆಯ ಉದ್ದೇಶ. ಮನೆಯವರು ಜೊತೆಯಲ್ಲಿ ಈಜುತ್ತ ಆಕೆಯನ್ನು ಕಾದರು. ಪತ್ರಿಕೆಗಳು ಆಕೆಯ ಧೈರ್ಯವನ್ನು ಹೊಗಳಿದವು; ಹೊಗಳತಕ್ಕದ್ದೇ. ಆದರೆ ಒಬ್ಬ ಬಸುರಿಯ ಧೈರ್ಯವನ್ನು ಅಷ್ಟು ದೊಡ್ಡದಾಗಿ ಹೊಗಳಬೇಕಾಗಿ ಬಂದುದು ಉಳಿದ ನಮ್ಮೆಲ್ಲರಿಗೆ ನಾಚಿಕೆಯ ಸಂಗತಿಯೂ ಹೌದು. ೨೦೦೦ದ ಮಾರ್ಚ್‌ನಲ್ಲಿ ಆಫ್ರಿಕದ ಮೊಜಾಂಬಿಕ್ ದೇಶದಲ್ಲಿ ನೆರೆಯ ನಡುವೆ ಮರದ ಮೇಲೆ ಆಶ್ರಯ ಪಡೆದಿದ್ದ ತಾಯಿಯೊಬ್ಬಳು ಅಲ್ಲಿಯೇ ಹೆತ್ತಳು. ಹೆಲಿಕಾಪ್ಟರ್ ಬಂದು ತಾಯಿ-ಮಗುವನ್ನು ಎತ್ತಿಕೊಂಡಿತು. ೨೦೧೮ರ ಆಗಸ್ಟ್‌ನಲ್ಲಿ ಕೇರಳದ ಮಹಾನೆರೆಯಲ್ಲಿ ನೌಕಾದಳದವರು ಹೆರಿಗೆನೋವು ತಿನ್ನುತ್ತಿದ್ದ ಹೆಂಗಸನ್ನು ಹಗ್ಗದಲ್ಲಿ ಎತ್ತಿ ಆಸ್ಪತ್ರೆಗೆ ಸೇರಿಸಿದರು. ಅದೇ ದಿನ ಆಕೆ ಗಂಡುಮಗುವನ್ನು ಹೆತ್ತಳು. ಇಂತಹ ಚಿತ್ರಗಳು ನಮ್ಮ ಮನಸ್ಸಿನಲ್ಲಿ ಉಳಿಯುತ್ತವೆ. ಉಳಿದು, ರಕ್ಷಣೆಯೆಂದರೆ ಆಕಾಶದಿಂದ ಇಳಿಯುವುದು ಎಂಬ ಭಾವನೆಯನ್ನು ಬೇರೂರಿಸುತ್ತವೆ.

ಒಡಿಶಾದವರು ಬೇರೆ ದಾರಿ ಹಿಡಿದರು. ೧೯೯೯ರ ಮಹಾಚಂಡಮಾರುತದಲ್ಲಿ ಸಾವಿರಾರು ಜನರನ್ನು ಕಳೆದುಕೊಂಡ ಆ ರಾಜ್ಯವು ಕ್ರಮೇಣ ಒಂದು ಪದ್ಧತಿಯನ್ನು ಬೆಳೆಸಿಕೊಂಡಿತು. ಗಾಳಿಯ ಮುನ್ಸೂಚನೆ ಬಂದೊಡನೆ, ಹೆರಿಗೆಗೆ ದಿನ ಸಮೀಪಿಸಿದವರ ಪಟ್ಟಿಯನ್ನು ತೆರೆದು, ಅವರನ್ನು ಮೊದಲೇ ಆಸ್ಪತ್ರೆಗಳಿಗೂ ‘ಮಾ ಗೃಹ’ಗಳೆಂಬ ತಂಗುಮನೆಗಳಿಗೂ ಸೇರಿಸುತ್ತಾರೆ. ೨೦೨೪ರ ಅಕ್ಟೋಬರ್‌ನಲ್ಲಿ ‘ದಾನಾ’ ಚಂಡಮಾರುತ ಬಂದಾಗ ನಾಲ್ಕು ಸಾವಿರಕ್ಕೂ ಹೆಚ್ಚು ಬಸುರಿಯರನ್ನು ಹೀಗೆ ಸ್ಥಳಾಂತರಿಸಿದರು. ಅವರಲ್ಲಿ ಸುಮಾರು ೧,೬೦೦ ಮಂದಿಗೆ ಆ ದಿನಗಳಲ್ಲಿಯೇ ಹೆರಿಗೆಯಾಯಿತು. ಅಲ್ಲಿ ಕೆಲಸ ಮಾಡಿದ್ದು ಒಂದು ಪಟ್ಟಿ, ಒಂದು ವಾಹನ ಮತ್ತು ಒಂದು ದಿನದ ಮುಂಚಿನ ಎಚ್ಚರ.

ನಮ್ಮ ಹೊಳೆಯೂ ಎಚ್ಚರಿಕೆ ಕೊಡದೆ ಬರುವುದಿಲ್ಲ. ಗಾಜನೂರಿನ ತುಂಗಾ ಜಲಾಶಯದಿಂದಲೂ ಲಕ್ಕವಳ್ಳಿಯ ಭದ್ರಾ ಜಲಾಶಯದಿಂದಲೂ ಎಷ್ಟು ನೀರು ಬಿಟ್ಟರೆಂಬುದು ಅಧಿಕಾರಿಗಳಿಗೆ ಒಡನೆ ತಿಳಿಯುತ್ತದೆ. ಆ ನೀರು ಹೊನ್ನಾಳಿಯನ್ನೂ ಹರಿಹರವನ್ನೂ ಮುಟ್ಟಲು ಹೊತ್ತು ಬೇಕು. ಬಸುರಿಯರ ಪಟ್ಟಿಯೂ ಇಲ್ಲದಿಲ್ಲ. ಹಳ್ಳಿಹಳ್ಳಿಯ ಆಶಾ ಕಾರ್ಯಕರ್ತೆಯ ಕೈಯಲ್ಲಿ, ಅಂಗನವಾಡಿಯ ಪುಸ್ತಕದಲ್ಲಿ, ಮನೆಮನೆಯ ತಾಯಿ ಕಾರ್ಡಿನಲ್ಲಿ ಹೆರಿಗೆಯ ನಿರೀಕ್ಷಿತ ದಿನಾಂಕವೇ ಬರೆದಿರುತ್ತದೆ. ನೀರಿನ ಲೆಕ್ಕ ಒಂದು ಕಚೇರಿಯಲ್ಲಿ, ಬಸುರಿಯರ ಲೆಕ್ಕ ಇನ್ನೊಂದು ಕಚೇರಿಯಲ್ಲಿ. ಈ ಎರಡು ಪುಸ್ತಕಗಳನ್ನು ಒಂದೇ ಮೇಜಿನ ಮೇಲೆ ತೆರೆದಿಡುವವರು ಇಲ್ಲದಿರುವುದೇ ನಮ್ಮ ಕೊರತೆ. ಊರಿನ ಶಾಲೆ ಆ ಮೇಜಾಗಬಹುದು ಎಂಬುದು ನನ್ನ ಅಭಿಪ್ರಾಯ.

ಇನ್ನು, ಎಲ್ಲರೊಡನೆ ಅವಳಿಗೂ ಅನ್ನ-ನೀರು ಸಿಕ್ಕಿದರೆ ಸಾಲದೇ ಎಂಬ ಪ್ರಶ್ನೆ. ಸಾಲದು. ನೆರೆಯ ಕಾಲದಲ್ಲಿ ಕುಡಿಯುವ ನೀರಿಗೆ ಹೊಲಸು ಸೇರುತ್ತದೆ. ಹೊಲಸು ನೀರಿನಿಂದ ಹರಡುವ ಒಂದು ಬಗೆಯ ಕಾಮಾಲೆ ರೋಗವಿದೆ. ವೈದ್ಯರು ಅದನ್ನು ಹೆಪಟೈಟಿಸ್-ಇ ಎನ್ನುತ್ತಾರೆ. ಬೇರೆಯವರಿಗೆ ಅದು ಬಹುಮಟ್ಟಿಗೆ ಬಂದು ಹೋಗುವ ಬೇನೆ. ಆದರೆ ಕೊನೆಯ ಮೂರು ತಿಂಗಳಿನ ಬಸುರಿಗೆ ತಗುಲಿದರೆ ನೂರರಲ್ಲಿ ಇಪ್ಪತ್ತು-ಇಪ್ಪತ್ತೈದು ಮಂದಿ ಬದುಕುವುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಒಂದೇ ಕೊಳಗದ ನೀರು ಎಲ್ಲರಿಗೂ ಒಂದೇ ಅಲ್ಲ. ಆದುದರಿಂದ ಕಾಯಿಸಿ ಆರಿಸಿದ ನೀರಿನ ಮೊದಲ ಪಾಲು ಬಸುರಿಯದಾಗಬೇಕು.

ಕೂಸಿನ ಶತ್ರು ಚಳಿ. ಆಗ ತಾನೇ ಹುಟ್ಟಿದ ಶಿಶುವಿಗೆ, ಅದರಲ್ಲಿಯೂ ತಿಂಗಳು ತುಂಬದೆ ಹುಟ್ಟಿದ ಶಿಶುವಿಗೆ, ತನ್ನ ಮೈಯ ಕಾವನ್ನು ತಾನೇ ಕಾಯ್ದುಕೊಳ್ಳುವ ಶಕ್ತಿ ಇರುವುದಿಲ್ಲ. ಭಯ, ಬಳಲಿಕೆ, ಹಸಿವುಗಳಿಂದ ಹೆರಿಗೆ ಮುಂಚಿತವಾಗಿ ಬರುವುದೂ ಉಂಟು. ಹಾಗೆ ಬಂದ ಕೂಸನ್ನು ಕರೆಂಟಿಲ್ಲದ ಶಾಲೆಯಲ್ಲಿ ಯಾವ ಯಂತ್ರದಿಂದ ಕಾಯುವುದು? ೧೯೭೦ರ ದಶಕದ ಕೊನೆಯಲ್ಲಿ ಕೊಲಂಬಿಯ ದೇಶದ ಬೊಗೊಟಾ ನಗರದ ಆಸ್ಪತ್ರೆಯಲ್ಲಿ ಯಂತ್ರಗಳು ಸಾಲದೆ ಹೋದಾಗ, ಅಲ್ಲಿಯ ವೈದ್ಯರು ಕೂಸನ್ನು ತಾಯಿಯ ಬರಿಯ ಎದೆಗೆ ಆನಿಸಿ, ಮೇಲೆ ಬಟ್ಟೆ ಸುತ್ತಿ ಬೆಳೆಸತೊಡಗಿದರು. ಕಾಂಗರೂ ಆರೈಕೆ ಎಂದು ಅದಕ್ಕೆ ಹೆಸರಾಯಿತು. ಈ ಪದ್ಧತಿಯನ್ನು ಜಿಲ್ಲೆಯುದ್ದಕ್ಕೂ ಹರಡುವ ಬಗೆಯನ್ನು ಪರೀಕ್ಷಿಸಿದ ಸ್ಥಳಗಳಲ್ಲಿ ನಮ್ಮದೇ ಕೊಪ್ಪಳ ಜಿಲ್ಲೆಯೂ ಒಂದು. ೨೦೨೧ರಲ್ಲಿ ಪ್ರಕಟವಾದ ಐದು ದೇಶಗಳ ಅಧ್ಯಯನದಲ್ಲಿ, ಹುಟ್ಟಿದೊಡನೆ ಹೀಗೆ ಎದೆಗಾನಿಸಿದ ಕಡಿಮೆ ತೂಕದ ಶಿಶುಗಳಲ್ಲಿ ಸಾವು ಕಾಲುಭಾಗದಷ್ಟು ಇಳಿದುದು ಕಂಡುಬಂದಿತು. ಇದಕ್ಕೆ ಬೇಕಾದುದು ಒಂದು ಬಟ್ಟೆ, ಒಂದು ಮರೆ, ಮತ್ತು ತಾಯಿ ನಿಶ್ಚಿಂತೆಯಿಂದ ಕುಳಿತುಕೊಳ್ಳಬಹುದಾದ ಒಂದು ಸ್ಥಳ. ನೂರು ಕಣ್ಣುಗಳ ನಡುವೆ ವರಾಂಡದಲ್ಲಿ ಕುಳಿತವಳು ಕುಪ್ಪಸ ಬಿಚ್ಚಿ ಕೂಸನ್ನು ಎದೆಗಾನಿಸಿಕೊಳ್ಳುವುದೆಂತು? ಕೋಣೆ ಬೇಕೆಂದು ನಾನು ಹೇಳುವುದು ಸೌಕರ್ಯಕ್ಕಾಗಿ ಅಲ್ಲ. ಈ ಚಿಕಿತ್ಸೆಗೆ ಕೋಣೆಯೇ ಮೊದಲ ಸಾಧನ.

ನಮ್ಮ ಅಜ್ಜಿಯಂದಿರು ಬಾಣಂತಿಯನ್ನು ಗಾಳಿ ತಾಗದ ಕೋಣೆಯಲ್ಲಿ ಮಲಗಿಸಿ, ತಲೆಗೆ ಬಟ್ಟೆ ಕಟ್ಟಿ, ಬಿಸಿನೀರು ಎರೆದು, ಕೊಬ್ಬರಿ, ಬೆಲ್ಲ, ಮೆಂತ್ಯ, ಸಬ್ಬಸಿಗೆ ಸೊಪ್ಪು, ಅಂಟಿನುಂಡೆಗಳನ್ನು ಉಣಿಸಿ ಸಾಕಿದರು. ವಿಶ್ರಾಂತಿ, ಬೆಚ್ಚಗು, ಪುಷ್ಟಿ, ಮರೆ ಎಂಬ ನಾಲ್ಕೂ ಅದರಲ್ಲಿದ್ದವು. ಮೊದಲ ಹಾಲನ್ನು ಹಿಂಡಿ ಚೆಲ್ಲುವುದು, ಬಾಣಂತಿಗೆ ನೀರು ಕಡಿಮೆ ಕೊಡುವುದು, ಹೊಗೆಯ ಕೋಣೆಯಲ್ಲಿ ಕೂಸನ್ನಿಡುವುದು—ಇವು ಬಿಡಬೇಕಾದವು. ಬಿಡಬೇಕಾದುದನ್ನು ಬಿಟ್ಟರೂ ಉಳಿಯುವ ಜ್ಞಾನ ದೊಡ್ಡದು. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದ ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ ೨೦೧೮ರಲ್ಲಿ ಪದ್ಮಶ್ರೀ ಸಂದಿತು; ಅದೇ ವರ್ಷದ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ಹೆರಿಗೆ ಈಗ ಆಸ್ಪತ್ರೆಯಲ್ಲಿ ಆಗತಕ್ಕದ್ದು, ಆಗುತ್ತಲೂ ಇದೆ. ೨೦೦೪–೦೬ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ ೨೧೩ ತಾಯಂದಿರು ಸಾಯುತ್ತಿದ್ದರು. ೨೦೧೮–೨೦ರ ವೇಳೆಗೆ ಆ ಸಂಖ್ಯೆ ೬೯ಕ್ಕೆ ಇಳಿಯಿತು. ಆಶಾ ಕಾರ್ಯಕರ್ತೆಯರು, ೨೦೦೮ರಲ್ಲಿ ಆರಂಭವಾದ ೧೦೮ರ ವಾಹನ, ಆಸ್ಪತ್ರೆಯ ಹೆರಿಗೆ—ಇವೆಲ್ಲ ಸೇರಿ ಗಳಿಸಿದ ಗಳಿಕೆ ಅದು. ಸೇತುವೆ ಮುಳುಗಿದ ದಿನ ೧೦೮ ಬರುವುದಿಲ್ಲ. ಇಪ್ಪತ್ತು ವರ್ಷಗಳ ಗಳಿಕೆ ಅಂದು ಒಂದು ರಾತ್ರಿಯ ಮಟ್ಟಿಗೆ ಹಿಂದಕ್ಕೆ ಹೋಗುತ್ತದೆ. ಆ ರಾತ್ರಿಗಾಗಿ ಸಿದ್ಧರಿರುವುದೇ ನಾವು ಮಾಡಬೇಕಾದ ಕೆಲಸ.

ಕೋಣೆಯ ಮಾತು ಬಂದಾಗ ಇನ್ನೊಂದು ಅಡ್ಡಿಯನ್ನೂ ಹೇಳಲೇಬೇಕು. ಬಾಣಂತಿಯನ್ನು ಎಲ್ಲರ ನಡುವೆ ಕೂಡಿಸಿಕೊಳ್ಳಲು ಕೆಲವರು ಹಿಂಜರಿಯುತ್ತಾರೆ, ಅಡುಗೆಯ ಕಡೆ ಬರಬೇಡವೆನ್ನುತ್ತಾರೆ, ಪುರುಡು ಎನ್ನುತ್ತಾರೆ. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳನ್ನು ಹನ್ನೆರಡನೆಯ ಶತಮಾನದಲ್ಲಿಯೇ ಅಲ್ಲಗಳೆದ ಶರಣರ ಹೆಸರು ಹೇಳುವ ಸಂಸ್ಥೆಗಳಲ್ಲಿ ಈ ಮಾತು ಕೇಳಬಾರದು. ಬಾಣಂತಿಗೆ ಬೇರೆ ಕೋಣೆ ಕೊಡಬೇಕಾದುದು ಆಕೆ ಮೈಲಿಗೆಯೆಂದಲ್ಲ. ನಮ್ಮ ಕೆಮ್ಮು, ಜ್ವರ, ಗದ್ದಲಗಳು ಆಕೆಗೂ ಕೂಸಿಗೂ ತಾಗಬಾರದೆಂದು. ದೂರವಿಡುವುದಕ್ಕೂ ಕಾಪಾಡಿಡುವುದಕ್ಕೂ ವ್ಯತ್ಯಾಸವಿದೆ. ಕಟ್ಟಡದಲ್ಲಿ ಅತ್ಯಂತ ಹಾಳಾದ ಕೋಣೆಯನ್ನು ಕೊಟ್ಟರೆ ಅದು ದೂರವಿಟ್ಟಂತೆ. ಅತ್ಯಂತ ಒಳ್ಳೆಯ ಕೋಣೆಯನ್ನು ಕೊಟ್ಟರೆ ಅದು ಕಾಪಾಡಿದಂತೆ.

ದಾನಿಗಳಲ್ಲಿ ಒಂದು ವಿಜ್ಞಾಪನೆ. ಆಪತ್ತಿನ ಸುದ್ದಿ ಕೇಳಿದೊಡನೆ ಕರುಣೆಯಿಂದ ಹಾಲಿನ ಪುಡಿಯ ಡಬ್ಬಿಗಳನ್ನೂ ಹಾಲೂಡಿಸುವ ಬಾಟಲಿಗಳನ್ನೂ ಕಳಿಸುವವರುಂಟು. ದಯವಿಟ್ಟು ಅದನ್ನು ಮಾಡಬಾರದು. ಪುಡಿಗೆ ಬೆರೆಸುವುದು ನೆರೆಯ ನೀರು; ಬಾಟಲಿಯನ್ನು ಕುದಿಸಲು ಒಲೆಯಿಲ್ಲ, ಸೌದೆಯಿಲ್ಲ. ೨೦೦೬ರ ಮೇ ತಿಂಗಳಿನಲ್ಲಿ ಇಂಡೊನೇಷ್ಯದ ಯೋಗ್ಯಕರ್ತ ಸೀಮೆಯಲ್ಲಿ ಭೂಕಂಪವಾದಾಗ ಹೀಗೆಯೇ ಹಾಲಿನ ಪುಡಿ ರಾಶಿ ಬಂದಿತು. ಅದನ್ನು ಪಡೆದ ಮನೆಗಳ ಎಳೆಯ ಮಕ್ಕಳಲ್ಲಿ ನೂರಕ್ಕೆ ಇಪ್ಪತ್ತೈದು ಮಂದಿಗೆ ಭೇದಿ ಹತ್ತಿದರೆ, ಪಡೆಯದ ಮನೆಗಳಲ್ಲಿ ನೂರಕ್ಕೆ ಹನ್ನೆರಡರಷ್ಟು ಮಂದಿಗೆ ಮಾತ್ರ ಹತ್ತಿತೆಂದು ಆಮೇಲೆ ಪರಿಶೀಲಿಸಿದವರು ಕಂಡರು. ನಮ್ಮ ದೇಶದಲ್ಲಿ ೧೯೯೨ರಲ್ಲಿಯೇ ಇದಕ್ಕೆ ಕಾಯಿದೆಯಾಗಿದೆ. ಶಿಶುವಿನ ಹಾಲಿನ ಪುಡಿಯನ್ನೂ ಬಾಟಲಿಯನ್ನೂ ಅನಾಥಾಲಯಗಳಿಗಲ್ಲದೆ ಬೇರೆಡೆ ದಾನವಾಗಿ ಹಂಚುವುದು ನಿಷಿದ್ಧ. ಹೆದರಿಕೆಯಿಂದ ಹಾಲು ಬತ್ತಿತೆಂದು ಬಾಣಂತಿಯರು ಅಳುತ್ತಾರೆ. ಹಾಲು ಬತ್ತುವುದಿಲ್ಲ, ಕಳವಳದಲ್ಲಿ ಇಳಿಯುವುದು ತಡವಾಗುತ್ತದೆ, ಅಷ್ಟೆ. ಮರೆಯಲ್ಲಿ ಕೂಡಿಸಿ, ಹೊಟ್ಟೆಗೆ ಕೊಟ್ಟು, ಕೂಸನ್ನು ಮತ್ತೆಮತ್ತೆ ಎದೆಗೆ ಹಚ್ಚಿದರೆ ಇಳಿಯುತ್ತದೆ. ತಾಯಿಯನ್ನೇ ಕಳೆದುಕೊಂಡ ಕೂಸಿನ ಮಾತು ಬೇರೆ. ಅದನ್ನು ವೈದ್ಯರು ನಿರ್ಧರಿಸಬೇಕು. ಅಲ್ಲಿಯೂ ಬಾಟಲಿಗಿಂತ ಸುಲಭವಾಗಿ ತೊಳೆದು ಕುದಿಸಬಹುದಾದ ನಮ್ಮ ಹಳೆಯ ಒಳಲೆಯೇ ಮೇಲು. ಆಸ್ಪತ್ರೆಗಳ ಶಿಶುವಿಭಾಗಗಳಲ್ಲಿ ಇಂದಿಗೂ ಒಳಲೆಯಿಂದ ಕುಡಿಸುತ್ತಾರೆಂಬುದನ್ನು ಎಷ್ಟೋ ಜನ ಅರಿಯರು.

ಇಷ್ಟೂ ಹೊಳೆದಂಡೆಯವರ ಮಾತಾಯಿತು. ಮಾಯಕೊಂಡಕ್ಕೇನು ಎಂದರೆ, ಬರದ ಮಾತನ್ನೂ ಆಡಬೇಕು. ೧೮೭೬ರಿಂದ ೧೮೭೮ರವರೆಗೆ, ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ಮೈಸೂರು ಸಂಸ್ಥಾನಕ್ಕೆ ಬಂದ ಕ್ಷಾಮವನ್ನು ನಮ್ಮ ಹಿರಿಯರು ‘ದಾತು ಬರ’ವೆಂದು ನೆನೆಯುತ್ತಿದ್ದರು. ೧೮೭೧ರ ಗಣತಿಯಲ್ಲಿ ೫೦ ಲಕ್ಷ ೫೫ ಸಾವಿರ ಇದ್ದ ಸಂಸ್ಥಾನದ ಜನಸಂಖ್ಯೆ ೧೮೮೧ರಲ್ಲಿ ೪೧ ಲಕ್ಷ ೮೬ ಸಾವಿರಕ್ಕೆ ಇಳಿದಿತ್ತು. ಇಳಿದವರೆಲ್ಲ ಸತ್ತವರಲ್ಲ, ಹುಟ್ಟದೆ ಹೋದವರೂ ಆ ಲೆಕ್ಕದಲ್ಲಿದ್ದಾರೆ. ಹೊಟ್ಟೆಗಿಲ್ಲದ ಕಾಲದಲ್ಲಿ ಹೆಣ್ಣಿನ ಬಸಿರು ಕಟ್ಟುವುದಿಲ್ಲ, ಕಟ್ಟಿದರೆ ನಿಲ್ಲುವುದಿಲ್ಲ. ೧೯೪೪–೪೫ರ ಚಳಿಗಾಲದಲ್ಲಿ ಯುದ್ಧದ ದಿಗ್ಬಂಧನದಿಂದ ಹಾಲೆಂಡಿನಲ್ಲಿ ಕ್ಷಾಮವಾದಾಗ ತಾಯಿಯ ಗರ್ಭದಲ್ಲಿದ್ದವರನ್ನು ವಿದ್ವಾಂಸರು ದಶಕಗಳ ಕಾಲ ಪರೀಕ್ಷಿಸಿದರು. ಆ ಹಸಿವಿನ ಗುರುತು ಮಧ್ಯವಯಸ್ಸಿನಲ್ಲಿಯೂ ಅವರ ಆರೋಗ್ಯದ ಮೇಲೆ ಉಳಿದಿತ್ತು.

ಈಗ ದಾತು ಬರದಂತಹ ಕ್ಷಾಮವಿಲ್ಲ. ಪಡಿತರದ ಅಕ್ಕಿ ಬರುತ್ತದೆ. ಆದರೆ ಬರ ಮೊದಲು ಬಂದು ಕುಳಿತುಕೊಳ್ಳುವುದು ಬಸುರಿಯ ತಟ್ಟೆಯಲ್ಲಿ. ಕೊಳವೆಬಾವಿ ಬತ್ತಿದರೆ ಕೊಡ ಹೊತ್ತು ದೂರ ನಡೆಯುವವಳು ಅವಳು. ಹಾಲು, ಸೊಪ್ಪು, ಬೇಳೆಗಳು ಮನೆಯಲ್ಲಿ ಕಡಿಮೆಯಾದರೆ ಕೊನೆಗೆ ಉಣ್ಣುವವಳು ಅವಳು. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಬಸುರಿಯರಲ್ಲಿ ನೂರಕ್ಕೆ ಸುಮಾರು ನಲವತ್ತೈದು ಮಂದಿಗೆ ರಕ್ತಹೀನತೆ ಇತ್ತು. ರಕ್ತವಿಲ್ಲದವಳಿಗೆ ಹೆರಿಗೆಯಲ್ಲಿ ಸ್ವಲ್ಪ ರಕ್ತ ಹೋದರೂ ಅಪಾಯ. ಸಾಲದುದಕ್ಕೆ ಗುಳೆ. ಗಂಡನೊಡನೆ ಕಾಫಿ ತೋಟಕ್ಕೋ ಬೆಂಗಳೂರಿನ ಕಟ್ಟಡದ ಕೆಲಸಕ್ಕೋ ಹೋದ ಹೆಣ್ಣುಮಗಳ ಹೆಸರು ಇಲ್ಲಿಯ ಅಂಗನವಾಡಿಯ ಪುಸ್ತಕದಲ್ಲಿ ಉಳಿದು, ದೇಹ ಬೇರೆಡೆ ಇರುತ್ತದೆ. ಬಸುರಿ-ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಬಡಿಸುವ ‘ಮಾತೃಪೂರ್ಣ’ ಯೋಜನೆ ೨೦೧೭ರ ಅಕ್ಟೋಬರ್ ೨ರಂದು ರಾಜ್ಯಾದ್ಯಂತ ಆರಂಭವಾದುದು ಒಳ್ಳೆಯ ಕಾರ್ಯ. ಆದರೆ ಊರು ಬಿಟ್ಟವಳ ಊಟ ಅವಳ ಹಿಂದೆ ಹೋಗುವುದಿಲ್ಲ. ಅಣ್ಣ-ಅತ್ತಿಗೆ ಗುಳೆ ಹೋದರೆಂಬುದು ಮೊದಲು ತಿಳಿಯುವುದು ತರಗತಿಯಲ್ಲಿ. ಹಾಜರಿ ಕರೆದಾಗ ಮಕ್ಕಳೇ ಹೇಳುತ್ತಾರೆ. ಉಪಾಧ್ಯಾಯರು ಆ ಮಾತನ್ನು ಕೇಳಿ ಬಿಡದೆ ಆಶಾ ಕಾರ್ಯಕರ್ತೆಗೆ ತಿಳಿಸಿದರೆ, ಆ ಹೆಣ್ಣುಮಗಳು ಹೋದ ಊರಿನ ಆರೋಗ್ಯಕೇಂದ್ರಕ್ಕೆ ಸುದ್ದಿ ಮುಟ್ಟಿಸಬಹುದು; ಹೊರಡುವ ಮೊದಲು ತಾಯಿ ಕಾರ್ಡನ್ನು ಗಂಟಿನಲ್ಲಿ ಕಟ್ಟಿಕೊಳ್ಳಲು ಹೇಳಬಹುದು.

ಇದೆಲ್ಲ ಸರ್ಕಾರದ ಕೆಲಸ, ಶಾಲೆಯದು ಪಾಠದ ಕೆಲಸ ಎನ್ನುವ ಆಕ್ಷೇಪವನ್ನು ನಾನು ಲಘುವಾಗಿ ಕಾಣುವುದಿಲ್ಲ. ಉಪಾಧ್ಯಾಯರಿಗೆ ಗಣತಿ, ಚುನಾವಣೆ ಮುಂತಾದ ಹೊರೆಗಳು ಈಗಾಗಲೇ ಇವೆ. ೨೦೦೫ರ ವಿಪತ್ತು ನಿರ್ವಹಣಾ ಕಾಯಿದೆಯ ಆಧಾರದ ಮೇಲೆ ೨೦೧೬ರಲ್ಲಿ ಹೊರಟ ಕನಿಷ್ಠ ಪರಿಹಾರದ ಮಾರ್ಗಸೂಚಿಯಲ್ಲಿ ಆಶ್ರಯಕೇಂದ್ರದ ಒಬ್ಬೊಬ್ಬರಿಗೆ ಮೂರೂವರೆ ಚದರ ಮೀಟರ್ ಸ್ಥಳ, ದಿನಕ್ಕೆ ಮೂರು ಲೀಟರ್ ಕುಡಿಯುವ ನೀರು, ಮೂವತ್ತು ಜನಕ್ಕೊಂದು ಶೌಚಾಲಯ ಎಂದಿದೆ. ಬಸುರಿಯರ ಸುರಕ್ಷಿತ ಹೆರಿಗೆಗೆ ಸ್ಥಳೀಯ ಆಡಳಿತವು ಏರ್ಪಾಟು ಮಾಡಬೇಕೆಂದೂ ಇದೆ. ಹೊಣೆ ಸರ್ಕಾರದ್ದೇ, ಅದನ್ನು ಕೇಳುವ ಹಕ್ಕು ನಮಗಿದೆ, ಕೇಳಲೂ ಬೇಕು. ಆದರೆ ಮೂರೂವರೆ ಮೀಟರು ಅಳೆದುಕೊಡುವ ನೆಲ ನಮ್ಮ ತರಗತಿಯ ನೆಲ. ಬೀಗದ ಕೈ ನಮ್ಮ ಹತ್ತಿರವಿದೆ. ಹಿಂದೆ ‘ಗಂಜಿಕೇಂದ್ರ’ವೆನ್ನುತ್ತಿದ್ದುದನ್ನು ಈಗ ‘ಕಾಳಜಿ ಕೇಂದ್ರ’ವೆನ್ನುತ್ತಾರೆ. ಗಂಜಿ ಎಲ್ಲರಿಗೂ ಒಂದೇ ಸೌಟಿನಲ್ಲಿ ಬಡಿಸುವುದು. ಕಾಳಜಿ ಹಾಗಲ್ಲ, ಯಾರಿಗೆ ಏನು ಬೇಕೆಂದು ವಿಚಾರಿಸುವುದು. ಹೆಸರು ಬದಲಾದ ಮೇಲೆ ಅರ್ಥವೂ ಬದಲಾಗಬೇಕಷ್ಟೆ.

ಹತ್ತು ವರ್ಷಕ್ಕೊಮ್ಮೆ ಬರುವ ನೆರೆಗಾಗಿ ಒಂದು ಕೋಣೆಯನ್ನು ಖಾಲಿಯಿಡಲಾದೀತೇ ಎಂದರೆ, ಖಾಲಿಯಿಡಬೇಕಾಗಿಲ್ಲ. ಶೌಚಾಲಯಕ್ಕೆ ಹತ್ತಿರವಿರುವ, ಒಳಗಿನಿಂದ ಅಗುಳಿ ಹಾಕಬಹುದಾದ, ಸೋರದ ಒಂದು ತರಗತಿಯನ್ನು ಗೊತ್ತುಮಾಡಿದರೆ ಸಾಕು. ಉಳಿದ ದಿನಗಳಲ್ಲಿ ಅಲ್ಲಿ ಪಾಠ ನಡೆಯಲಿ. ಹೆಣ್ಣುಮಕ್ಕಳಿಗೆ ಮೈ ಸರಿಯಿಲ್ಲದಾಗ ಮಲಗಲು ಒಂದು ಮೂಲೆಯಾಗಲಿ. ಒಂದು ಕಬ್ಬಿಣದ ಪೆಟ್ಟಿಗೆಯಲ್ಲಿ ಎರಡು ಪರದೆ, ಒಗೆದು ಒಣಗಿಸಿದ ಹತ್ತಿಬಟ್ಟೆಗಳು, ಸೋಪು, ಸೊಳ್ಳೆಪರದೆ, ಬಿಸಿಲಿನಿಂದ ಉರಿಯುವ ದೀಪ, ನೀರು ಕಾಯಿಸುವ ಪಾತ್ರೆ, ಮುಚ್ಚಳವಿರುವ ಬಕೆಟ್ಟುಗಳು, ನಾಲ್ಕು ಒಳಲೆಗಳು ಇರಲಿ. ದಾನಿಗಳು ಡಬ್ಬಿಹಾಲಿನ ಬದಲು ಇದನ್ನು ಕೊಟ್ಟರೆ ಅದು ದೊಡ್ಡ ದಾಸೋಹ. ದಾವಣಗೆರೆಯ ಜಿಲ್ಲಾಸ್ಪತ್ರೆ ಇಂದಿಗೂ ಚಿಗಟೇರಿಯ ಹೆಸರನ್ನು ಹೊತ್ತಿದೆ. ವಿದ್ಯೆಗೂ ವೈದ್ಯಕ್ಕೂ ಉದಾರವಾಗಿ ಕೊಟ್ಟವರ ಸೀಮೆ ಇದು. ಅಷ್ಟು ದೊಡ್ಡದನ್ನು ಕಟ್ಟಿದವರ ಊರಿನಲ್ಲಿ ಇಷ್ಟು ಚಿಕ್ಕದು ಉಳಿದುಹೋಗಬಾರದು.

ಹಳೆಯ ವಿದ್ಯಾರ್ಥಿಗಳಲ್ಲಿ ವೈದ್ಯರಿದ್ದಾರೆ, ದಾದಿಯರಿದ್ದಾರೆ, ಟ್ರ್ಯಾಕ್ಟರ್ ಮತ್ತು ಜೀಪು ಉಳ್ಳವರಿದ್ದಾರೆ. ಆಪತ್ತಿನ ದಿನ ಯಾರು ಯಾವ ದಾರಿಯಿಂದ ಬರಬಲ್ಲರು, ಸೇತುವೆ ಮುಳುಗಿದರೆ ಸುತ್ತುದಾರಿ ಯಾವುದು ಎಂಬುದನ್ನು ಬರೆದು ಮುಖ್ಯೋಪಾಧ್ಯಾಯರ ಕೊಠಡಿಯ ಗೋಡೆಗೆ ಅಂಟಿಸಲಿ. ಉಪಾಧ್ಯಾಯರು ಹಾಜರಿ ಪುಸ್ತಕದಲ್ಲಿ ಎರಡು ಕಲಮುಗಳನ್ನು ಹೆಚ್ಚಿಗೆ ಎಳೆಯಲಿ: ಬಸುರಿಯಾದರೆ ಎಷ್ಟನೆಯ ತಿಂಗಳು, ಕೂಸಾದರೆ ಎಷ್ಟು ದಿನದ್ದು. ಮಳೆಗಾಲದ ಆರಂಭದಲ್ಲಿ ಆಶಾ ಕಾರ್ಯಕರ್ತೆಯನ್ನೂ ಅಂಗನವಾಡಿಯ ತಾಯಿಯನ್ನೂ ಶಾಲೆಗೆ ಕರೆದು ಒಂದು ಗಂಟೆ ಕೂತು ಪಟ್ಟಿಯನ್ನು ನೋಡಲಿ. ಮೇಲಿನ ತರಗತಿಯ ಹುಡುಗ ಹುಡುಗಿಯರಿಬ್ಬರಿಗೂ ನೀರು ಕಾಯಿಸುವ ಕ್ರಮ, ಸಕ್ಕರೆ-ಉಪ್ಪಿನ ನೀರು ಬೆರೆಸುವ ಅಳತೆ, ಕೂಸನ್ನು ಬೆಚ್ಚಗಿಡುವ ಬಗೆಗಳನ್ನು ಕಲಿಸಲಿ. ಹುಡುಗರಿಗೂ ಎಂದು ಒತ್ತಿ ಹೇಳುತ್ತಿದ್ದೇನೆ. ನಾಳೆ ಬಸುರಿಯನ್ನು ತೆಪ್ಪದಲ್ಲಿ ಕೂಡಿಸುವವರು ಅವರೇ.

ಇವುಗಳಲ್ಲಿ ಯಾವುದಕ್ಕೂ ದೊಡ್ಡ ಹಣ ಬೇಡ, ಹೊಸ ಕಟ್ಟಡ ಬೇಡ, ಮೇಲಿನ ಅಪ್ಪಣೆಗಾಗಿ ಕಾಯುವುದೂ ಬೇಡ. ಸಂಸ್ಥೆಯ ಆಡಳಿತ ಮಂಡಳಿಯವರು ಈ ವರ್ಷದ ಮುಂಗಾರಿಗೆ ಮೊದಲು ಒಂದು ತರಗತಿಯನ್ನು ಗೊತ್ತುಮಾಡಿ, ಅದರ ಬಾಗಿಲಿಗೆ ಒಳಗಡೆ ಅಗುಳಿ ಹಾಕಿಸಬೇಕೆಂದು ವಿನಂತಿಸುತ್ತೇನೆ. ಬಡಗಿಯ ಅರ್ಧ ದಿನದ ಕೆಲಸವದು. ಉಳಿದುದೆಲ್ಲ ಆ ಅಗುಳಿಯಿಂದ ಆರಂಭವಾದೀತೆಂದು ನಂಬಿ ವಿರಮಿಸುತ್ತೇನೆ.